ಖಾಲಿ ಹಾಳೆಯ ಒರಿಜಿನಲ್

ಸರಕಾರ ಕಾಗದಪತ್ರ ಕಡಿಮೆ ಮಾಡುತ್ತೇನೆ ಎಂದಾಗಲೆಲ್ಲ ನಾನು ಕೋಠಿ ಪೇಟೆಗೆ ಹೋಗಿ ಇನ್ನೊಂದು ರೀಮು ಕಾಗದ ತಂದಿಡುತ್ತೇನೆ. ಹೈದರಾಬಾದಿನ ಒಂದು ಪುಟ್ಟ ಅನುದಾನಿತ ಕನ್ನಡ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಅಷ್ಟಾದರೂ ಬುದ್ಧಿ ಬರಬೇಡವೇ?

ಈ ಸಲದ ಗೋಳು ಮೂರನೇ ಇಯತ್ತೆಯ, ಅಂದರೆ ಮೂರನೇ ತರಗತಿಯ, ಕೋಣೆಯ ಛಾವಣಿಯದು. ಒಂದು ಭಾನುವಾರ ಅದು ಅರ್ಧಕ್ಕರ್ಧ ಕುಸಿಯಿತು. ಪುಣ್ಯಕ್ಕೆ ಮಕ್ಕಳಿರಲಿಲ್ಲ. ಅಂದಿನಿಂದ ಮೂರನೇ ಇಯತ್ತೆ ನಡೆಯುವುದು ಮೆಟ್ಟಿಲ ಮೇಲೆ. ಹಾಜರಿಯ ಮೊದಲ ಹುಡುಗಿ ಕೆಳಗಿನ ಮೆಟ್ಟಿಲು, ಕೊನೆಯವಳು ಮೇಲಿನ ಮೆಟ್ಟಿಲು, ಪಾಠ ಹೇಳುವ ಬಾಯಾರು ತಿರುವಿನಲ್ಲಿ. ಯಾರಾದರೂ ಮೇಲೆ ಹೋಗಬೇಕೆಂದರೆ ಇಡೀ ತರಗತಿ ಎದ್ದು ಗೋಡೆಗೆ ಅಂಟಿಕೊಳ್ಳಬೇಕು. ಇನ್ನೊಂದು ಕಡೆ ಗೋಡೆಯೇ ಇಲ್ಲ, ಮಳೆ ನೇರ ಒಳಗೇ ಬರುತ್ತದೆ.

ರಿಪೇರಿ ಅನುದಾನಕ್ಕೆ ಎರಡು ಸಲ ಕೈಚೀಲ ತುಂಬ ಅರ್ಜಿ ಒಯ್ದಿದ್ದೆ. ಎರಡೂ ಸಲ ಒಂದು ಕಾಗದ ಕಡಿಮೆ ಎಂದು ವಾಪಸು ಬಂತು. "ಮಳಿಗಾಲಕ್ಕ ಮೊದಲ ಛತ್ತ ಆಗಲಿಲ್ಲಂದ್ರ ಮೂರನೇ ಇಯತ್ತೆ ಬಂದ್ ಮಾಡಬೇಕಾಗ್ತದರೀ. ಈ ಹುಡುಗರನ್ನ ಎಲ್ಲಿಗೆ ಕಳಸೂಣು?" ಎಂದು ನಮ್ಮ ದೊಡ್ಡಬಾಯಾರು, ಅಂದರೆ ಮುಖ್ಯೋಪಾಧ್ಯಾಯಿನಿ, ಕಣ್ಣೊರೆಸಿಕೊಂಡರು. ನನಗೂ ಸಂಕಟವಾಯಿತು. ಅಷ್ಟರಲ್ಲಿ ಹೊಸ ಆದೇಶ ಬಂತು: ಇನ್ನು ಮುಂದೆ ಅರ್ಜಿ ಒಂದೇ ಹಾಳೆ.

೧. ಹಾರಿಹೋದ ಶಾಲೆ

ಒಂದು ಹಾಳೆಯನ್ನು ಕೈಯಲ್ಲಿ ಹಿಡಿದು ಶಿಕ್ಷಣ ಕಚೇರಿಗೆ ಹೋಗುವಾಗ ಬಟ್ಟೆ ಹಾಕಿಕೊಳ್ಳದೆ ಹೊರಟಂತೆ ನಾಚಿಕೆಯಾಯಿತು. ಅಲ್ಲಿಯ ಸೂಪರಿಂಟೆಂಡೆಂಟರು ಹಾಳೆಯನ್ನು ತಿರುವಿ ಮುರುವಿ ನೋಡಿದರು. ಅವರು ಆಡಿದ್ದು ತೆಲುಗು, ನಾನು ಕನ್ನಡದಲ್ಲಿ ಹೇಳುತ್ತೇನೆ.

"ಉಳಿದದ್ದು?"

"ಇಷ್ಟೇ ಸರ್. ಆದೇಶದಲ್ಲಿ ಒಂದೇ ಹಾಳೆ ಅಂತಿದೆ."

"ಅದು ಆದೇಶ ಬರೆದವರಿಗೆ. ಫೈಲು ಕಟ್ಟುವವನು ನಾನು. ಒಂದೇ ಹಾಳೆಗೆ ದಾರ ಪೋಣಿಸಿದರೆ ಹರಿಯುತ್ತದೆ. ಹಿಂದೆ ಇನ್ನೊಂದು ಹಾಳೆ ಇಡಿ."

"ಏನು ಬರೆದು ಇಡಲಿ?"

"ಏನೂ ಬರೆಯಬೇಡಿ. ಹೆಚ್ಚಿನ ಮಾಹಿತಿ ಕೊಡಬಾರದು ಅಂತ ಆದೇಶವಿದೆ."

ಖಾಲಿ ಹಾಳೆ ಇಟ್ಟೆ. ಅವರು ಅದಕ್ಕೆ ಪುಟ ಎರಡು ಎಂದು ನಂಬರು ಹಾಕಿ ದಾರ ಬಿಗಿದರು. ನನ್ನ ಮುಖ ನೋಡಿ ಸಮಾಧಾನವನ್ನೂ ಹೇಳಿದರು: "ಬೇಜಾರಾಗಬೇಡಿ ಗುರುವುಗಾರು. ಹೋದ ವಾರ ದಾರ ಕಟ್ಟದೆ ಬಿಟ್ಟಿದ್ದೆ, ಫ್ಯಾನ್ ಹಾಕಿದ ಕೂಡಲೇ ಒಂದು ಹೈಸ್ಕೂಲು ಕಿಟಕಿಯಿಂದ ಹೊರಗೆ ಹೋಯಿತು."

೨. ದನದ ಡಾಕ್ಟರರ ಸಹಿ

ಹದಿನೈದು ದಿನಕ್ಕೆ ಫೈಲು ವಾಪಸು ಬಂತು. ಆಕ್ಷೇಪಣೆ: "ಪುಟ ಎರಡು ದೃಢೀಕರಿಸಿಲ್ಲ."

ನಮ್ಮ ಓಣಿಗೆ ಹತ್ತಿರದ ಗೆಜೆಟೆಡ್ ಅಧಿಕಾರಿ ಎಂದರೆ ಸರಕಾರಿ ದನದ ಡಾಕ್ಟರರು. ಬೀದರ ಕಡೆಯವರು. ನಾನು ಹೋದಾಗ ಒಂದು ಮೇಕೆಯ ಬಾಯಿ ಬಿಡಿಸಿ ನೋಡುತ್ತಿದ್ದರು.

"ಏನರೀ ಇದು?"

"ಖಾಲಿ ಹಾಳಿ ಸಾಹೇಬ್ರ. ಅಟೆಸ್ಟ್ ಮಾಡಬೇಕಾಗೇದ."

ನಗುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ. ಅವರೂ ಸರಕಾರಿ ನೌಕರರು ಎಂಬುದನ್ನು ಮರೆತಿದ್ದೆ.

"ಒರಿಜಿನಲ್ ಎಲ್ಲದ? ನೋಡಲಾರದ ನಾ ಸಹಿ ಮಾಡಂಗಿಲ್ಲ."

ಚೀಲದಿಂದ ಇನ್ನೊಂದು ಖಾಲಿ ಹಾಳೆ ತೆಗೆದು ಕೊಟ್ಟೆ. ಅವರು ಎರಡನ್ನೂ ಬೆಳಕಿಗೆ ಹಿಡಿದು, ಮುಂದೆ ಹಿಂದೆ ತಾಳೆ ನೋಡಿ, ತೃಪ್ತಿಯಾದ ಮೇಲೆ ಒಂದಕ್ಕೆ 'ಮೂಲಕ್ಕೆ ಸರಿಯಾದ ಪ್ರತಿ' ಎಂದು ಮೊಹರು ಒತ್ತಿದರು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಕೂಗಿದರು: "ಒರಿಜಿನಲ್ ಜೋಪಾನ ಇಟಗೋರೀ! ಕಳಕೊಂಡ್ರ ಮತ್ತ ಸಿಗಂಗಿಲ್ಲ!"

೩. ಛಾವಣಿ ಕಾಣುತ್ತಿಲ್ಲ

ಫೈಲು ಮತ್ತೆ ಸಲ್ಲಿಸಿದ ಮೇಲೆ ತಪಾಸಣೆಗೆ ಇಂಜಿನಿಯರು ಬಂದರು. ಕೈಯಲ್ಲಿ ಕಾಗದವಿಲ್ಲ, ಪೆನ್ನಿಲ್ಲ, ಬರೀ ಫೋನು. ಛಾವಣಿಯ ಫೋಟೊ ತೆಗೆದು ಆಪ್‌ಗೆ ಹಾಕಿದರೆ ಮುಗಿಯಿತಂತೆ.

ಮೂರನೇ ಇಯತ್ತೆಯ ಕೋಣೆಯಲ್ಲಿ ನಿಂತು ಫೋನನ್ನು ಮೇಲಕ್ಕೆ ಹಿಡಿದರು. ಮೇಲೆ ನೀಲಿ ಆಕಾಶ, ಎರಡು ಪಾರಿವಾಳ. ಆಪ್ ಹೇಳಿತು: 'ಚಿತ್ರದಲ್ಲಿ ಛಾವಣಿ ಕಾಣುತ್ತಿಲ್ಲ. ಮತ್ತೆ ತೆಗೆಯಿರಿ.'

ಮತ್ತೆ ತೆಗೆದರು. ಕೂತು ತೆಗೆದರು, ಬೆಂಚು ಹತ್ತಿ ತೆಗೆದರು. ಛಾವಣಿ ಕಾಣಲಿಲ್ಲ.

"ಪಕ್ಕದ ಕೋಣೆಯ ಛಾವಣಿ ತೆಗೆಯಲಾ?" ಎಂದರು.

"ಅದು ಗಟ್ಟಿ ಐತ್ರೀ. ಅದನ್ನ ಹಾಕಿದ್ರ ರಿಪೇರಿ ಯಾಕ ಅಂತ ಕೇಳ್ತಾರ," ಎಂದರು ದೊಡ್ಡಬಾಯಾರು.

ಇಂಜಿನಿಯರು ಫೋನು ಜೇಬಿಗಿಟ್ಟು, ಫೋಟೊ ಇಲ್ಲದಿದ್ದರೆ ಅರ್ಜಿ ರದ್ದಾಗುತ್ತದೆ ಎಂದರು. ಮಗಳನ್ನು ಕರೆದೊಯ್ಯಲು ಬಂದಿದ್ದ ತಾಯಿಯೊಬ್ಬಳು ಬಾಗಿಲಲ್ಲೇ ನಿಂತು ಎಲ್ಲ ನೋಡುತ್ತಿದ್ದಳು. ಯಾದಗಿರಿಯ ಹೆಣ್ಣುಮಗಳು, ಕಟ್ಟಡದ ಕೆಲಸಕ್ಕೆ ಹೋಗುವವಳು.

"ಛತ್ತ ಇದ್ದಿದ್ರ ನಿಮ್ಮನ್ಯಾಕ ಕರೀತಿದ್ರು ಸಾಹೇಬ್ರ?" ಎಂದು ಕೇಳಿದವಳೇ ಹೊರಗೆ ಹೋಗಿ, ಇನ್ನಿಬ್ಬರು ತಾಯಂದಿರನ್ನೂ ಒಂದು ಹರಿದ ತಾಡಪತ್ರಿಯನ್ನೂ ಎಳೆದು ತಂದಳು. ಮೂರು ಮೂಲೆ ಅವರು ಎತ್ತಿ ಹಿಡಿದರು, ನಾಲ್ಕನೆಯದು ನಾನು. ಇಂಜಿನಿಯರು ಕೆಳಗೆ ನಿಂತು ಫೋಟೊ ಹೊಡೆದರು.

ಆಪ್ ಒಂದು ಕ್ಷಣ ಯೋಚಿಸಿ ಹೇಳಿತು: 'ಛಾವಣಿ ದೊರೆತಿದೆ. ಸ್ಥಿತಿ: ದುರಸ್ತಿ ಅಗತ್ಯ. ಕಂಬಗಳು: ನಾಲ್ಕು.'

೪. ಜಾಗವಿಲ್ಲ

ಇಷ್ಟಾದರೂ ಮಂಜೂರಾತಿ ಬರಲಿಲ್ಲ. ಜೂನ್ ಹತ್ತಿರವಾದಂತೆ ದೊಡ್ಡಬಾಯಾರು ನನ್ನ ಮೇಜಿನ ಹತ್ತಿರ ಬಂದು ಕ್ಯಾಲೆಂಡರಿನ ಹಾಳೆ ತಿರುವಿ ನೋಡಿ ಹೋಗತೊಡಗಿದರು. ಬೈದಿದ್ದರೆ ವಾಸಿಯಿತ್ತು. ಕಡೆಗೆ ನಾನೇ ಕಚೇರಿಗೆ ಹೋದೆ. ಅಲ್ಲಿ ಅರ್ಜಿಗಳ ಗುಡ್ಡವೇ ಬಿದ್ದಿತ್ತು.

"ಯಾವುದೂ ಮುಂದೆ ಹೋಗುತ್ತಿಲ್ಲ. ಒಂದೇ ಹಾಳೆಯಲ್ಲಿ ಎಲ್ಲ ತುಂಬಬೇಕಲ್ಲ, ಸಾಹೇಬರು 'ಮಂಜೂರು' ಅಂತ ಬರೆಯುವುದಕ್ಕೆ ಜಾಗವನ್ನೇ ಬಿಟ್ಟಿಲ್ಲ. ಹಿಂದಿನ ಖಾಲಿ ಹಾಳೆಗಳಿಗೆ ದೃಢೀಕರಣವಿಲ್ಲ, ಬೇರೆ ಹಾಳೆ ಸೇರಿಸೋಣವೆಂದರೆ ಕಾಗದ ಉಳಿಸುವ ಆದೇಶ," ಎಂದರು ಸೂಪರಿಂಟೆಂಡೆಂಟರು.

ನಮ್ಮ ಫೈಲು ತೆಗೆಸಿದೆ. ಪುಟ ಎರಡು ತೆರೆದುಕೊಂಡಿತು. ನಂಬರು ಬಿದ್ದ, ದೃಢೀಕರಿಸಿದ, ಬೆಳ್ಳಗೆ ಹೊಳೆಯುವ ಹಾಳೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಸಾಹೇಬರ ಹತ್ತಿರ ಓಡಿದರು. ಮೂರು ನಿಮಿಷದಲ್ಲಿ ಮೂರನೇ ಇಯತ್ತೆಗೆ ಛಾವಣಿ ಮಂಜೂರಾಯಿತು. ನಾನು ಕಚೇರಿಯ ಮೆಟ್ಟಿಲ ಮೇಲೆ ಕೂತು, ನಾಚಿಕೆ ಬಿಟ್ಟು, ಅತ್ತೆ. ಹಿಂದಿನಿಂದ ಜವಾನ ಬಂದು ಎಬ್ಬಿಸಿದ: ಅಲ್ಲಿ ಕೂರಬೇಕಾದರೂ ಒಂದು ಫಾರಂ ತುಂಬಬೇಕಂತೆ.

೫. ತಿದ್ದುಪಡಿ

ಮಳೆ ಹಿಡಿಯುವಷ್ಟರಲ್ಲಿ ಛಾವಣಿ ಎದ್ದು ಮಕ್ಕಳು ಕೋಣೆಗೆ ಬಂದರು. ಅಭ್ಯಾಸಬಲದಿಂದ ಒಂದು ವಾರ ಯಾರು ಒಳಗೆ ಬಂದರೂ ಎದ್ದು ಗೋಡೆಗೆ ಅಂಟಿಕೊಳ್ಳುತ್ತಿದ್ದರು.

ಕಚೇರಿಯಿಂದ ಹೊಸ ಸುತ್ತೋಲೆಯೂ ಬಂತು: 'ಮಂಜೂರಾದ ಮಾದರಿಯಂತೆ ಎಲ್ಲ ಶಾಲೆಗಳು ಅರ್ಜಿಯೊಂದಿಗೆ ಖಾಲಿ ಹಾಳೆಯ ದೃಢೀಕೃತ ಪ್ರತಿ ಲಗತ್ತಿಸತಕ್ಕದ್ದು.' ಮಾದರಿ ನಮ್ಮ ಶಾಲೆಯಲ್ಲಿ ಲಭ್ಯ ಎಂದೂ ಕೆಳಗೆ ಬರೆದಿತ್ತು.

ಮೊದಲು ಬಂದವರು ಪಟಾನ್‌ಚೆರುವಿನ ಒಬ್ಬ ಹೆಡ್‌ಮಾಸ್ತರರು. ಎರಡು ಬಸ್ಸು ಬದಲಿಸಿ ಬಂದು ಬೆವರೊರೆಸಿಕೊಳ್ಳುತ್ತ ಕೈಮುಗಿದರು: "ನಿಮ್ಮ ಒರಿಜಿನಲ್ ಒಂದು ಕೊಟ್ಟರೆ ಜೆರಾಕ್ಸ್ ಮಾಡಿಸಿಕೊಳ್ಳುತ್ತೇನೆ."

ಕಪಾಟಿನ ಬೀಗ ತೆಗೆದೆ. ಡಾಕ್ಟರರು ಹೇಳಿದಂತೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟಿದ್ದೆ. ಇಬ್ಬರೂ ಕೋಠಿಯ ಜೆರಾಕ್ಸ್ ಅಂಗಡಿಗೆ ಹೋದೆವು. ಅಂಗಡಿಯವನು ಹಾಳೆ ಇಟ್ಟು ಗುಂಡಿ ಒತ್ತಿದ. ಈಚೆ ಬಂದ ಬರೀ ಬಿಳಿ ಹಾಳೆ ನೋಡಿ ಗಾಬರಿಯಾಗಿ ಮೆಷಿನ್ನಿಗೆ ಎರಡು ಗುದ್ದು ಹಾಕಿದ.

"ಕುಛ್ ನಹೀಂ ಆಯಾ ಸಾಬ್! ಟೋನರ್ ಖತಮ್!"

"ನಕ್ಕೋ ಭಾಯಿ, ಹೊಡೀಬ್ಯಾಡ! ಭಾಳ ಚಲೋ ಬಂದೈತಿ!" ಎಂದೆ.

ಅವನು ನಂಬಲಿಲ್ಲ. ಟೋನರ್ ಬದಲಿಸಿ ಇನ್ನೊಂದು ಪ್ರತಿ ತೆಗೆದ. ಇದರ ಮೂಲೆಯಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ ಬಿದ್ದಿತ್ತು. ಇದಾದರೂ ಸ್ವಲ್ಪ ಬಂತಲ್ಲ ಎಂದು ಅಂಗಡಿಯವನಿಗೆ ಸಮಾಧಾನ. ಪಾಪ, ಹೆಡ್‌ಮಾಸ್ತರರು ಅವಸರದಲ್ಲಿ ಅದನ್ನೇ ಒಯ್ದು, ದೃಢೀಕರಣದ ಮೊಹರು ಒತ್ತಿಸಿ ದಾಖಲು ಮಾಡಿದರು.

ತಿಂಗಳೊಳಗೆ ಅವರ ಅರ್ಜಿ ವಾಪಸು ಬಂತು. ಅಳುದನಿಯಲ್ಲಿ ಫೋನು ಮಾಡಿ ಆಕ್ಷೇಪಣೆಯನ್ನು ನನಗೆ ಓದಿ ಹೇಳಿದರು:

"ಪುಟ ಎರಡರಲ್ಲಿ ತಿದ್ದುಪಡಿ ಕಂಡುಬಂದಿದೆ. ವಿವರಣೆ ನೀಡಿ. ಮೂರು ಪ್ರತಿಗಳಲ್ಲಿ."