ತಮ್ಮ ಹಸಿರು ಮುದ್ದೆ, ನಮ್ಮ ಹನ್ನೊಂದು ವರ್ಷದ ಮುನಿಸು

ನಗರದ ಹೆಸರಾಂತ ಜಪಾನಿ ಭೋಜನಶಾಲೆಯ ಮುಖ್ಯ ಬಾಣಸಿಗರ ಸನ್ನಿಧಿಗೆ,

ಮಾನ್ಯರೇ,

ಮೂವತ್ತೆರಡು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತಳಾಗಿರುವ ನಾನು, ಕಳೆದ ಭಾನುವಾರ ಮಧ್ಯಾಹ್ನ ತಮ್ಮ ಮರದ ಕಟ್ಟೆಯ ಮುಂದೆ ಎರಡೂವರೆ ಗಂಟೆ ಕುಳಿತಿದ್ದವಳು, ಮೊದಲು ತಮ್ಮ ಕೈಚಳಕಕ್ಕೆ ನಮಸ್ಕರಿಸಿ, ಆಮೇಲೆ ಅಲ್ಲಿ ನನಗಾದ ನಷ್ಟವನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಖಾಸಗಿಯಾಗಿಯೇ ಬರೆಯಬಹುದಿತ್ತು. ಆದರೆ ನಷ್ಟವಾದದ್ದು ನಾಲ್ಕು ಜನರ ಎದುರಿಗೆ, ಆದ್ದರಿಂದ ದೂರನ್ನೂ ನಾಲ್ಕು ಜನ ಓದಲಿ ಎಂದುಕೊಂಡೆ.

ನಾನು ತಮ್ಮಲ್ಲಿ ಕಳೆದುಕೊಂಡದ್ದು ಕೊಡೆಯಲ್ಲ, ಕನ್ನಡಕವಲ್ಲ. ನನ್ನ ಅಕ್ಕನ ಮೇಲೆ ಹನ್ನೊಂದು ವರ್ಷ ಜೋಪಾನವಾಗಿ ಸಾಕಿಕೊಂಡು ಬಂದಿದ್ದ ಒಂದು ಜಗಳ.

ಅದು ಸಣ್ಣಪುಟ್ಟ ಜಗಳವಾಗಿರಲಿಲ್ಲವೆಂಬುದು ತಮಗೆ ತಿಳಿದಿರಲಿ. ನಮ್ಮಮ್ಮ ತೀರಿಕೊಂಡದ್ದು ಅಕ್ಕ ನರ್ಸಾಗಿದ್ದ ಆಸ್ಪತ್ರೆಯಲ್ಲೇ. ನಾನು ಎರಡು ಬೀದಿ ಆಚೆ ಅಚ್ಚುಕೂಟದಲ್ಲಿ ಯಾರದೋ ಪುಸ್ತಕದ ಕೊಂಬು ದೀರ್ಘ ಸರಿಪಡಿಸುತ್ತ ಕುಳಿತಿದ್ದೆ. ಓಡಿದ್ದರೆ ಹತ್ತು ನಿಮಿಷದ ದಾರಿ. ಅಕ್ಕ ಫೋನ್ ಮಾಡಿದ್ದು ಎಲ್ಲ ಮುಗಿದ ಮೇಲೆ. "ಬೇಕಂತಲೇ ಮಾಡಿದೆ ನೀನು" ಎಂದೆ. ಅವಳು ತುಟಿ ಬಿಚ್ಚಲಿಲ್ಲ. ಅಂದಿನಿಂದ ನಾನೂ ಬಿಚ್ಚಲಿಲ್ಲ.

ಇಂಥ ಗಟ್ಟಿಮುಟ್ಟಾದ ಜಗಳಕ್ಕೆ ಹೊಂಚು ಹಾಕಿದವಳು ಅಕ್ಕನ ಮಗಳು. ಅವಳು ಹಲ್ಲಿನ ಡಾಕ್ಟರು, ಜನರ ಬಾಯಿ ತೆರೆಸುವುದೇ ಅವಳ ಕಸುಬು. "ಚಿಕ್ಕಮ್ಮ, ಊಟಕ್ಕೆ ಬಾ, ನಾವಿಬ್ರೇ" ಎಂದು ನನ್ನನ್ನು ಕರೆದಳು. ತನ್ನಮ್ಮನಿಗೂ ಅದನ್ನೇ ಹೇಳಿದ್ದಳಂತೆ. ಬಂದು ನೋಡಿದರೆ ಕುರ್ಚಿಗಳು ಮೂರು. ಮೊದಲ ತಟ್ಟೆ ಬರುತ್ತಲೂ ಅವಳು ಯಾರಿಗೋ ಜೋರು ಹಲ್ಲುನೋವೆಂದು ಎದ್ದುಹೋದಳು. ತಮ್ಮಲ್ಲಿ ಎದುರುಬದುರು ಕೂರಿಸಿದ್ದರೆ ನಾನೂ ಎದ್ದುಬಿಡುತ್ತಿದ್ದೆ. ಆದರೆ ತಾವು ಗಿರಾಕಿಗಳನ್ನು ಬಸ್ಸಿಗೆ ಕಾಯುವವರಂತೆ ಒಂದೇ ಸಾಲಿನಲ್ಲಿ ಕೂರಿಸುವವರು. ಮುಖ ನೋಡಬೇಕಿರಲಿಲ್ಲವಾದ್ದರಿಂದ ಬಿಗುಮಾನ ಬಿಡದೆಯೇ ಉಳಿದೆ.

ತಮ್ಮ ಪಟ್ಟಿಯಲ್ಲಿ "ಋತುಮಾನದ ಮೌನ" ಎಂಬ ತಿನಿಸಿತ್ತು. ಹಳೇ ಚಾಳಿ ಬಿಡಬೇಕಲ್ಲ, "ಮೀನು" ಎಂಬುದು ತಪ್ಪಾಗಿ ಅಚ್ಚಾಗಿದೆಯೆಂದು ಪೆನ್ಸಿಲಿನಲ್ಲಿ ತಿದ್ದಿ ಬಡಿಸುವವರ ಕೈಗೆ ಕೊಟ್ಟೆ. ಅವರು ಅತ್ಯಂತ ವಿನಯದಿಂದ "ಇಲ್ಲ ಮೇಡಂ, ಅದು ಮೌನವೇ" ಎಂದರು. ಬಟ್ಟಲು ಬಂತು, ಮುಚ್ಚಳ ತೆಗೆದರು, ಒಂದಿಷ್ಟು ಹಬೆ ಎದ್ದುಹೋಯಿತು, ತಳದಲ್ಲಿ ಒಂದು ಎಲೆ ಉಳಿಯಿತು. ಹನ್ನೊಂದು ವರ್ಷ ಮನೆಯಲ್ಲೇ ಬಿಟ್ಟಿಯಾಗಿ ಉಂಡ ಪದಾರ್ಥವನ್ನು ಇಷ್ಟು ಚಂದದ ಬಟ್ಟಲಲ್ಲಿ ಬಡಿಸಬಹುದೆಂದು ತೋರಿಸಿಕೊಟ್ಟ ತಮಗೆ ನಾನು ಋಣಿ. ಪಕ್ಕದಲ್ಲಿ ಅಕ್ಕನಿಗೆ ಸಣ್ಣಗೆ ಕೆಮ್ಮು ಬಂತು. ಅದು ನಗುವೆಂದು ನನಗೆ ಗೊತ್ತಾಯಿತು, ಆದರೂ ಗೊತ್ತಾಗದವಳಂತೆ ಇದ್ದೆ.

ಆಮೇಲೆ ಬಂದದ್ದು ಅನ್ನದ ಪುಟ್ಟ ಉಂಡೆ, ಮೇಲೆ ಹಿಂದಿನ ಪುಟದ ಅಕ್ಷರ ಕಾಣುವಷ್ಟು ತೆಳ್ಳನೆಯ ಹಸಿ ಮೀನು. ತಿನ್ನಲು ಎರಡು ಕಡ್ಡಿ. ನನ್ನ ಕಡ್ಡಿಗಳಿಗೆ ಒಂದಕ್ಕೊಂದು ಹೊಂದಾಣಿಕೆಯೇ ಇಲ್ಲ. ಅಕ್ಕನೋ, ಆಪರೇಷನ್ ಕೋಣೆಯಲ್ಲಿ ಚಿಮ್ಮಟ ಹಿಡಿದು ಪಳಗಿದ ಕೈ, ಒಂದು ಅಗುಳೂ ಉದುರದಂತೆ ಎತ್ತಿದಳು. ಎತ್ತಿದ್ದನ್ನು ತನ್ನ ಬಾಯಿಗಿಡದೆ, ನನ್ನ ಕಡೆ ತಿರುಗದೆಯೇ, ನನ್ನ ತಟ್ಟೆಗಿಟ್ಟಳು.

ನಾನು ಕಕ್ಕಾಬಿಕ್ಕಿಯಾದೆ. ಕೈಗೊಂದು ಕೆಲಸ ಬೇಕಲ್ಲ, ತಟ್ಟೆಯ ಅಂಚಿನಲ್ಲಿದ್ದ ಹಸಿರು ಮುದ್ದೆಯನ್ನು ಸೊಪ್ಪಿನದೆಂದು ಬಗೆದು ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ಅದರ ಹೆಸರು ವಾಸಾಬಿ ಎಂಬುದು ಈಗ ಗೊತ್ತು. ಬೆಂಕಿ ಮೂಗಿನಲ್ಲಿ ಹತ್ತಿ ನೆತ್ತಿಯಲ್ಲಿ ಹೊಗೆಯಾಡಿತು. ಕಣ್ಣಿಂದ ಧಾರಾಕಾರ ನೀರು, ಗಂಟಲಿಂದ ಒಂದಕ್ಷರ ಹೊರಡದು.

ಅಕ್ಕ ನನ್ನ ಮುಖ ನೋಡಿದಳು. ನಾನು ಅಮ್ಮನನ್ನು ನೆನೆದು ಅಳುತ್ತಿದ್ದೇನೆಂದು ತಿಳಿದಳು. ಅಲ್ಲವೆಂದು ಹೇಳಲು ನನಗೆ ಬಾಯಿಯಿದ್ದರೆ ತಾನೆ!

"ಅವತ್ತು ಬೆಳಿಗ್ಗೇನೇ ಗೊತ್ತಾಗಿತ್ತು ಕಣೇ ನಂಗೆ" ಎಂದಳು. "ನರ್ಸಲ್ವಾ, ಗೊತ್ತಾಗದೆ ಇರುತ್ತಾ? ನಾಲ್ಕು ಸಲ ಫೋನ್ ಎತ್ತಿ ಇಟ್ಟೆ. ನಿಂಗೆ ಹೇಳಿಬಿಟ್ರೆ ನಿಜ ಆಗಿಬಿಡುತ್ತೆ ಅನ್ನಿಸ್ತು."

ಅವಳ ಕಣ್ಣಲ್ಲೂ ನೀರು. ಪಾಪ, ಇವಳೂ ಆ ಮುದ್ದೆ ತಿಂದಳೆಂದು ನೀರಿನ ಲೋಟ ಅವಳತ್ತ ನೂಕಿದೆ. ಆಗ ಅವಳ ತಟ್ಟೆ ಕಂಡಿತು. ಹಸಿರು ಮುದ್ದೆ ಇಟ್ಟಲ್ಲೇ ಇತ್ತು, ಮುಟ್ಟಿರಲಿಲ್ಲ.

ಮಾನ್ಯರೇ, ನನಗೆ ಎರಡನೆಯ ಸಲ ಬಂದ ಕಣ್ಣೀರಿಗೆ ತಮ್ಮ ಅಡುಗೆಮನೆ ಹೊಣೆಯಲ್ಲವೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಅಕ್ಕನ ಕೈ ಹಿಡಿದುಕೊಂಡೆ. ಆ ಕೈ ತೆಳ್ಳಗಾಗಿತ್ತು, ಅದು ಯಾವಾಗ ಹಾಗಾಯಿತೆಂದು ನನಗೆ ಗೊತ್ತಿರಲಿಲ್ಲ. ತಾವು ಕತ್ತಿ ಕೆಳಗಿಟ್ಟು, ನಮಗೆ ಬೆನ್ನು ಮಾಡಿ, ಒರೆಸಿದ ಹಲಗೆಯನ್ನೇ ಬಹಳ ಹೊತ್ತು ಒರೆಸುತ್ತ ನಿಂತಿರಿ. ಆ ಸೌಜನ್ಯವನ್ನು ಪಟ್ಟಿಯಲ್ಲಿ ಯಾವ ಹೆಸರಿನಿಂದಲೂ ಅಚ್ಚು ಹಾಕಿರಲಿಲ್ಲ.

ಹಾಗೆಂದು ದೂರನ್ನು ಹಿಂತೆಗೆದುಕೊಳ್ಳುವವಳಲ್ಲ. ನನ್ನ ಜಗಳವನ್ನು ಇದ್ದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಅದಾಗದಿದ್ದರೆ, ಅಕ್ಕನಿಗಿಂತ ನಾನೇ ಸರಿಯೆಂದು ಕಳೆದ ಆ ಹನ್ನೊಂದು ವರ್ಷವನ್ನಾದರೂ ಹಿಂದಿರುಗಿಸಬೇಕು. ಎರಡನೆಯದನ್ನೇ ಕೊಟ್ಟರೆ ನನಗೆ ಹೆಚ್ಚು ಅನುಕೂಲ. ಇಬ್ಬರಿಗೂ ವಯಸ್ಸಾಗಿದೆ, ಆದಷ್ಟು ಬೇಗ ಕಳುಹಿಸಿ.

ಇಂತಿ, ಸದ್ಯಕ್ಕೆ ಯಾರ ಮೇಲೂ ಮುನಿಸಿಲ್ಲದೆ ಕೈ ಬರಿದಾಗಿರುವ,
ತಮ್ಮ ವಿಶ್ವಾಸಿ,
ನಿವೃತ್ತ ಕರಡು ತಿದ್ದುವವಳು

ಮರೆತ ಮಾತು: ತಮ್ಮಲ್ಲಿ ಹನ್ನೊಂದು ತಟ್ಟೆ ಮುಗಿಸಿದ ಮೇಲೆ ಹಸಿವು ತಡೆಯಲಾರದೆ ನೇರ ಅಕ್ಕನ ಮನೆಗೆ ಹೋಗಿ ಅನ್ನ ಬೇಯಿಸಿಕೊಂಡು ಉಂಡೆವು. ಉಪ್ಪು ಹೆಚ್ಚಾಗಿದೆ ಎಂದೆ. "ನಿನ್ನ ನಾಲಿಗೇನೇ ಸುಟ್ಟಿದೆ, ನಿಂಗೇನು ಗೊತ್ತು" ಎಂದಳು. ಆಗ ಶುರುವಾದದ್ದು ಇನ್ನೂ ನಡೆದಿದೆ, ದಿನಕ್ಕೆರಡು ಸಲ ಫೋನಿನಲ್ಲಿ. ದಯವಿಟ್ಟು ಇದನ್ನು ಬಗೆಹರಿಸಲು ತಾವು ಬರಬೇಡಿ.