ಮೂರನೇ ಸಾಲಿನವನು ಮತ್ತು ಮೀನು

ಆರ್ಲೆನ್ ಸ್ವೆನ್‌ಬಿಗೆ ಮುಖ ನೋಡಿ ಮಾತಾಡುವ ಧೈರ್ಯ ಇರಲಿಲ್ಲ. ಅಭಿಪ್ರಾಯಗಳಿಗೆ ಕೊರತೆಯಿರಲಿಲ್ಲ, ಹಾಡು, ಸಿನಿಮಾ, ಬೇಸ್‌ಬಾಲ್ ಮೂರರ ಬಗ್ಗೆಯೂ ಹೊಟ್ಟೆ ತುಂಬ ಇದ್ದವು. ಆದರೆ ಮಿನೆಸೋಟಾದ ಹಾಲ್ವರ್ ಲೇಕ್ ಎಂಬ ಆ ಊರಿನಲ್ಲಿ ಯಾರೂ ಯಾವುದನ್ನೂ ಕೆಟ್ಟದಾಗಿದೆ ಎನ್ನುವುದಿಲ್ಲ. ತೀರಾ ಸಹಿಸಲಾಗದಿದ್ದರೆ ‘ಒಂಥರಾ ಬೇರೆ ಇದೆ’ ಎನ್ನುತ್ತಾರೆ. ನೆರೆಮನೆಯ ಸೂಪಿಗೂ ಅದೇ ಮಾತು, ಪಾದ್ರಿಯ ಪ್ರವಚನಕ್ಕೂ ಅದೇ ಮಾತು. ಆರ್ಲೆನ್ ನಲವತ್ತನಾಲ್ಕು ವರ್ಷ ಅದನ್ನೇ ಅನ್ನುತ್ತ ಬಂದಿದ್ದ.

ಹೋದ ವರ್ಷ ಹೊಟ್ಟೆಯಲ್ಲಿದ್ದದ್ದು ಹುಳಿಯಾಗಿ, ಫೋನಿನಲ್ಲೇ ಒಂದು ಬ್ಲಾಗ್ ತೆರೆದ. ಹೆಸರು ಮುಚ್ಚಿಟ್ಟು ‘ಮೂರನೇ ಸಾಲಿನವನು’ ಎಂದು ಸಹಿ ಹಾಕಿದ. ಆಟಕ್ಕೆ ಮುಂಚೆ ರಾಷ್ಟ್ರಗೀತೆ ಹಾಡುವ ಡಾರ್ಲೀನ್ ಬಗ್ಗೆ, ‘ಮೇಲಿನ ಸ್ವರ ಬಂದಾಗ ಈಕೆ ಏಣಿ ಮರೆತು ಬಂದವರಂತೆ ನಿಲ್ಲುತ್ತಾರೆ’ ಎಂದು ಬರೆದ. ಗ್ರಂಥಾಲಯದ ಗೋಡೆಯ ಮೇಲೆ ತೋರಿಸಿದ ಸಿನಿಮಾದ ಬಗ್ಗೆ, ‘ನಾಯಿ ಚೆನ್ನಾಗಿ ನಟಿಸಿದೆ, ಉಳಿದವರು ಅದನ್ನು ನೋಡಿ ಕಲಿಯಬಹುದಿತ್ತು’ ಎಂದ. ಬ್ಯಾಟ್ ಹಿಡಿದವನ ಹಿಂದೆ ಕುಕ್ಕರಗಾಲಿನಲ್ಲಿ ಕೂರುವ ಊರ ತಂಡದ ಕ್ಯಾಚರ್ ಬಗ್ಗೆ, ‘ಅವನು ಏಳುವಾಗ ಮೊಣಕಾಲು ಮಾಡುವ ಸದ್ದು ಕೇಳಿಯೇ ಎದುರಾಳಿಗಳು ಓಡಲು ಶುರುಮಾಡುತ್ತಾರೆ’ ಎಂದ.

ಊರಿನಲ್ಲಿ ಯಾರೂ ಅದನ್ನು ಓದುತ್ತಿರಲಿಲ್ಲ. ಕೇಳಿದರೆ ಎಲ್ಲರೂ ಹಾಗೇ ಹೇಳುತ್ತಿದ್ದರು. ಸಾಲುಗಳು ಮಾತ್ರ ಎಲ್ಲರಿಗೂ ಬಾಯಿಪಾಠವಾಗಿದ್ದವು.

ಡಾರ್ಲೀನಳ ಗಂಡ ಮರ್ಲ್ ಊರ ಬೇಸ್‌ಬಾಲ್ ಕ್ಲಬ್ಬಿನ ಅಧ್ಯಕ್ಷ. ಹಾರ್ಡ್‌ವೇರ್ ಅಂಗಡಿಯವನು, ತಾನು ಮಾರುವ ಬೀಗದಂಥದೇ ಮುಖ. ಬರೆದವನು ಸಿಕ್ಕಿದರೆ ಅವನು ಜೀವಮಾನವಿಡೀ ಮೈದಾನದೊಳಗೆ ಕಾಲಿಡಬಾರದು ಎಂದು ಠರಾವು ಮಾಡಿಸಿದ.

ಆರ್ಲೆನ್‌ನ ನಿದ್ದೆ ಹಾರಿಹೋಯಿತು. ಆರನೇ ವಯಸ್ಸಿನಿಂದ ಅವನು ಒಂದು ಆಟವನ್ನೂ ತಪ್ಪಿಸಿರಲಿಲ್ಲ. ಮೂರನೇ ಬೇಸಿನ ಹಿಂದೆ, ಮೂರನೇ ಸಾಲಿನಲ್ಲಿ ಅವನ ಕುರ್ಚಿ. ಅದರ ಬೆನ್ನಿಗೆ ಅವನ ಅಪ್ಪ ಚಾಕುವಿನಿಂದ ಕೆತ್ತಿಕೊಂಡ ತನ್ನದೇ ಹೆಸರಿತ್ತು. ಆ ಸಾಲಿನಲ್ಲಿದ್ದದ್ದು ಏಳೇ ಕುರ್ಚಿ. ಕಳ್ಳನೊಬ್ಬ ಕದ್ದ ಮನೆಯಲ್ಲಿ ತನ್ನ ಬೀದಿಯ ಹೆಸರು ಬರೆದಿಟ್ಟು ಬಂದ ಹಾಗಾಗಿತ್ತು ಅವನ ಸಹಿ.

ಶನಿವಾರ ಕೋಲ್ಬಿ ಊರಿನ ಮೇಲೆ ಆಟ. ಬೆಳಗ್ಗೆ ಕಾಫಿ ಅಂಗಡಿಯಲ್ಲಿ ಮರ್ಲ್ ಒಬ್ಬೊಬ್ಬರ ಬೆರಳನ್ನೂ ದಿಟ್ಟಿಸುತ್ತ ಕೂತಿದ್ದ.

“ಅವನು ಬರೆಯೋದು ಆಟ ನಡೀತಿರೋವಾಗ್ಲೇ. ಇವತ್ತು ಯಾರ ಬೆರಳು ಆಡ್ತದೋ ನೋಡ್ತೀನಿ.”

ಆರ್ಲೆನ್‌ಗೆ ಒಳಗೊಳಗೇ ನಗು ಬಂತು. ಅವನು ಹಿಂದಿನ ದಿನವೇ ಬರೆದು, ಮಧ್ಯಾಹ್ನ ಮೂರೂಕಾಲಿಗೆ ತಾನಾಗಿ ಪ್ರಕಟವಾಗುವಂತೆ ಫೋನಿನಲ್ಲಿ ಇಟ್ಟಿದ್ದ. ಆ ಹೊತ್ತಿಗೆ ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟು ಕೂತಿದ್ದರೆ ಮುಗಿಯಿತು.

“ನಂಗೆ ನಿನ್ನ ಮೇಲೇ ಅನುಮಾನ ಕಣೋ ಆರ್ಲೆನ್,” ಅಂದಳು ಬೆವ್. ಮೂರನೇ ಸಾಲಿನವಳೇ, ಶಾಲೆಯ ನಿವೃತ್ತ ಮೇಡಮ್ಮು. ಕೈ ಸ್ವೆಟರ್ ಹೆಣೆಯುತ್ತಿದ್ದರೂ ಕಣ್ಣು ಪಕ್ಕದವರ ಮೇಲೇ ಇರುತ್ತಿತ್ತು.

“ನಾನೇನ್ ಮಾಡಿದೆ?”

“ಹೋದ ವಾರ ನನ್ನ ಕೇಕ್ ತಿಂದು ಚೆನ್ನಾಗಿದೆ ಅಂದೆ. ಇಲ್ಲೀವರೆಗೆ ಯಾರೂ ಹಾಗಂದಿಲ್ಲ. ಏನೋ ಮುಚ್ಚಿಡ್ತಿದ್ದೀಯ.”

“ಕೈ ಕಾಣ್ತಿದ್ರೂ ನಂಬೋ ಹಾಗಿಲ್ಲ,” ಅಂದ ಮರ್ಲ್. “ಈಗಿನೋರು ಮೊಣಕಾಲ ಮೇಲೆ ಬೆರಳು ಕುಟ್ಟಿಯೇ ಬರೀತಾರಂತೆ.”

ಆರ್ಲೆನ್‌ಗೆ ಬಿಸಿ ಕಾಫಿ ತಣ್ಣಗೆ ಇಳಿಯಿತು. ಹೊರಗೆ ಬಂದಾಗ ಕರ್ಟ್ ತೋಳು ಹಿಡಿದು ಎಳೆದ. ಊರ ತಂಡದ ಗುರುತು ಅಲ್ಲಿನ ಕೆರೆಯ ವಾಲೈ ಎಂಬ ಮೀನು. ಆಟದ ದಿನ ಅದರ ವೇಷ ಹಾಕಿ ಕುಣಿಯುವುದು ಕರ್ಟ್‌ನ ಕೆಲಸ.

“ಒಂದು ಉಪಕಾರ ಮಾಡೋ. ಕೆರೇಲಿ ಇವತ್ತು ಮೀನು ಚೆನ್ನಾಗಿ ಕಚ್ತಾ ಇವೆಯಂತೆ. ನನ್ ಬದಲು ನೀನು ವೇಷ ಹಾಕ್ಕೋ. ಮರ್ಲ್‌ಗೆ ಗೊತ್ತಾದ್ರೆ ನನ್ನ ಸಿಗೀತಾನೆ.”

ಬೇರೆ ದಿನವಾಗಿದ್ದರೆ ಆರ್ಲೆನ್ ಓಡಿಹೋಗುತ್ತಿದ್ದ. ಇವತ್ತು ಆ ವೇಷದ ರೆಕ್ಕೆಗಳು ನೆನಪಾದವು. ಅವಕ್ಕೆ ಬೆರಳೇ ಇಲ್ಲ. ಸರಿಯಾಗಿ ಮೂರೂಕಾಲಿಗೆ ಎಲ್ಲರ ಮುಂದೆ ಮೀನಿನ ತಲೆ ಕಳಚಿ, “ಏನ್ರೀ, ಏನಾಯ್ತು?” ಎಂದರೆ ಯಾವ ಮರ್ಲ್ ತಾನೆ ಅನುಮಾನಪಟ್ಟಾನು?

ಹಿಂದಿನ ಬಾಗಿಲಿನಿಂದ ಸಾಮಾನಿನ ಕೊಠಡಿ ಹೊಕ್ಕು ಅವನು ವೇಷದೊಳಗೆ ಇಳಿದ. ಮೀನಿನ ಹೊಟ್ಟೆಯೊಳಗೆ ಕರ್ಟ್ ಬಿಯರ್ ಡಬ್ಬಿಗೆಂದು ಹೊಲಿಸಿಕೊಂಡ ಚೀಲವಿತ್ತು. ಫೋನನ್ನು ಅದರಲ್ಲಿಟ್ಟ. ತಲೆಯೊಳಗೆ ಎರಡು ಗೇಣು ಸ್ಪಂಜು. ಮೀನಿನ ಬಾಯಿಂದ ನೆಲ ಮಾತ್ರ ಕಾಣುತ್ತಿತ್ತು, ತನ್ನ ಉಸಿರು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಹೊರಗೆ ರಾಷ್ಟ್ರಗೀತೆ ಮುಗಿದದ್ದು ಜನ ಕೂತ ಮೇಲೆಯೇ ಅವನಿಗೆ ಗೊತ್ತಾದದ್ದು.

ಎರಡು ಗಂಟೆ ಅವನು ಬೆವರಿನಲ್ಲಿ ಬೆಂದ. ಆಟ ಕೊನೆಯ ಸುತ್ತಿಗೆ ಬಂತು. ಹಾಲ್ವರ್ ಲೇಕ್ ಒಂದು ರನ್ ಮುಂದೆ. ಕೋಲ್ಬಿಯವರ ಇಬ್ಬರು ಬೇಸ್ ಮೇಲೆ ನಿಂತಿದ್ದಾರೆ. ಇನ್ನೊಬ್ಬ ಔಟಾದರೆ ಗೆಲುವು.

ಆಗ ಮೂರೂಕಾಲಾಯಿತು. ಯಾರೂ ಓದದ ಬ್ಲಾಗಿಗೆ ಇಡೀ ಮೈದಾನದ ಫೋನುಗಳು ಒಟ್ಟಿಗೇ ಟಿಣ್ ಅಂದವು. ಆ ಸದ್ದು ಸ್ಪಂಜಿನೊಳಗೂ ಇಳಿಯಿತು.

ಆರ್ಲೆನ್ ತಲೆಗೆ ರೆಕ್ಕೆ ಹಾಕಿ ಎಳೆದ. ಬರಲಿಲ್ಲ. ಹಾಕಿಕೊಂಡಾಗ ತಾನಾಗಿ ಕಚ್ಚಿಕೊಂಡಿದ್ದ ತಲೆಯ ಕೊಕ್ಕೆ ಕತ್ತಿನ ಹಿಂದಿತ್ತು, ಅದನ್ನು ಬಿಚ್ಚಲು ಬೆರಳು ಬೇಕಿತ್ತು. ಎಳೆಯುತ್ತ ಎಳೆಯುತ್ತ ಅವನು ಗೆರೆ ದಾಟಿ ಒಳಗೆ ನುಗ್ಗಿದ. ಅದೇ ಕ್ಷಣ ಚೆಂಡು ಆಕಾಶಕ್ಕೆ ಹಾರಿತ್ತು, ಅದನ್ನು ಹಿಡಿಯಲು ಊರ ತಂಡದ ಮೂರನೇ ಬೇಸಿನ ಆಟಗಾರ ತಲೆಯೆತ್ತಿ ಕೆಳಗೆ ಬಂದು ನಿಂತಿದ್ದ. ಮೀನು ಅವನಿಗೆ ಗೂಳಿಯ ಹಾಗೆ ಗುದ್ದಿತು. ಇಬ್ಬರೂ ಬಿದ್ದರು. ಚೆಂಡು ಅವರ ನಡುವೆ ಬಿತ್ತು. ಕೋಲ್ಬಿಯವರು ಎರಡು ರನ್ ಓಡಿದರು.

“ಅಡ್ಡಿ! ಅಡ್ಡಿ!” ಎಂದು ಮರ್ಲ್ ಕೂಗಿದ.

“ಮೀನು ನಿಮ್ದೇ ಅಲ್ವಾ?” ಅಂದ ಅಂಪೈರ್. “ಆಟ ನಡೀಲಿ.”

ಕೊನೆಯ ಸರದಿಗೆ ಬ್ಯಾಟ್ ಹಿಡಿದ ಹಾಲ್ವರ್ ಲೇಕ್‌ನ ಮೂವರು ಬಂದ ಹಾಗೇ ಔಟಾಗಿ ಹೋದರು. ಆಟ ಮುಗಿಯಿತು. “ಕರ್ಟ್ ಎಲ್ಲಿ? ಎಣ್ಣೆ ಕಾಯ್ಸಿ, ಆ ಮೀನನ್ನ ಹುರೀಬೇಕು!” ಎಂದು ಜನ ಎದ್ದರು. ಆರ್ಲೆನ್ ಆಗಲೇ ಕೊಠಡಿಗೆ ಓಡಿ, ಮೀನಿನ ತಲೆಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಅದರ ಹಲ್ಲು ಮುರಿಯುವಂತೆ ಕಿತ್ತು, ವೇಷ ಬಿಸಾಕಿ, ಬೇಲಿ ಸುತ್ತಿಬಂದು ಮೂರನೇ ಸಾಲಿಗೆ ಏದುಸಿರು ಬಿಡುತ್ತ ಹತ್ತಿದ.

ಅಲ್ಲಿ ಮರ್ಲ್ ಫೋನ್ ಹಿಡಿದು ಓದುತ್ತಿದ್ದ. “‘ಇವತ್ತೂ ಡಾರ್ಲೀನ್ ಏಣಿ ಮರೆತಿದ್ದರು.’ ಕೇಳಿದ್ರಾ? ಇವತ್ತು ಡಾರ್ಲೀನ್ ಹಾಡ್ಲೇ ಇಲ್ಲ. ಗಂಟಲು ಕಟ್ಟಿದೆ. ಅಂಚೆ ಗ್ಲೆನ್ ಟ್ರಂಪೆಟ್ ಊದಿದ್ದು. ಅಂದ್ರೆ ಬರೆದೋನು ಇವತ್ತು ಆಟಕ್ಕೇ ಬಂದಿಲ್ಲ.”

“ಈ ಸಾಲಲ್ಲಿ ಖಾಲಿ ಇದ್ದದ್ದು ಒಂದೇ ಕುರ್ಚಿ,” ಅಂದಳು ಬೆವ್.

ಎಲ್ಲರೂ ಆರ್ಲೆನ್ ಕಡೆ ತಿರುಗಿದರು.

“ಟಾಯ್ಲೆಟ್‌ನಲ್ಲಿದ್ದೆ,” ಅಂದ ಆರ್ಲೆನ್.

“ಎರಡೂವರೆ ಗಂಟೆ? ಏನಪ್ಪಾ ತಿಂದಿದ್ದೆ?” ಅಂದ ಮರ್ಲ್.

ಕೆಳಗೆ ಜನ ಇನ್ನೂ ಮೀನನ್ನು ಹುಡುಕುತ್ತಿದ್ದರು. ಒಬ್ಬನ ಕೈಯಲ್ಲಿ ಬ್ಯಾಟಿತ್ತು. ಆರ್ಲೆನ್ ಲೆಕ್ಕ ಹಾಕಿದ. ಬ್ಲಾಗಿನವನಿಗೆ ಶಿಕ್ಷೆ ಏನೆಂದು ಗೊತ್ತಿದೆ. ಮೀನಿಗೆ ಶಿಕ್ಷೆ ಏನೆಂದು ಇನ್ನೂ ಯಾರೂ ಯೋಚಿಸಿ ಮುಗಿಸಿಲ್ಲ. ಕರ್ಟ್ ಸಂಜೆಯವರೆಗೆ ಕೆರೆ ಬಿಟ್ಟು ಬರುವವನಲ್ಲ.

“ಬರೆದದ್ದು ನಾನೇ,” ಅಂದ. “ಇವತ್ತು ಮನೇಲೇ ಕೂತು ಬರೆದೆ.”

ಹದಿನಾಲ್ಕು ತಿಂಗಳಲ್ಲಿ ಆ ವಿಷಯವಾಗಿ ಅವನಾಡಿದ ಮೊದಲ ಸತ್ಯ ಅದು, ಅದರ ಬೆನ್ನಿಗೇ ಒಂದು ಸುಳ್ಳು.

ಗಂಡನ ಪಕ್ಕದಲ್ಲಿದ್ದ ಡಾರ್ಲೀನಳೇ ಒಡಕು ಗಂಟಲಿನಲ್ಲಿ ಹೇಳಿದಳು: “ಬಿಡ್ರೀ ಮರ್ಲ್. ತಾನೇ ಒಪ್ಕೊಂಡನಲ್ಲ. ಅವನಪ್ಪನ ಹೆಸರಿರೋ ಕುರ್ಚಿ. ಜೀವಮಾನ ಯಾಕೆ, ಒಂದು ವರ್ಷ ಸಾಕು.”

ಮರ್ಲ್ ಹಲ್ಲು ಕಡಿದ. “ಸರಿ, ಒಂದು ವರ್ಷ. ಪುಣ್ಯಕ್ಕೆ ಆ ಮೀನು ನೀನಲ್ಲ.”

ಆರ್ಲೆನ್ ಅಪ್ಪನ ಹೆಸರಿನ ಮೇಲೆ ಕೈಯಿಟ್ಟ. ಅಷ್ಟರಲ್ಲಿ ಮೆಟ್ಟಿಲಲ್ಲಿ ಗದ್ದಲವಾಯಿತು. ಕರ್ಟ್ ಮೊಣಕಾಲುದ್ದದ ರಬ್ಬರ್ ಬೂಟಿನಲ್ಲಿ, ಮೀನಿನ ವೇಷ ಎಳೆದುಕೊಂಡು ಓಡಿಬಂದ. ಹಿಂದೆ ಬ್ಯಾಟಿನವನು.

“ನಾನಲ್ಲ ಮರ್ಲ್, ದೇವರಾಣೆ! ನಾನು ಕೆರೇಲಿದ್ದೆ, ಒಂದೂ ಕಚ್ಚಲಿಲ್ಲ ಅಂತ ವಾಪಸ್ ಬಂದೆ. ಇದರೊಳಗಿದ್ದದ್ದು ಆರ್ಲೆನ್! ನೋಡಿ, ಇವನ ಫೋನು ಇನ್ನೂ ಇದರ ಹೊಟ್ಟೇಲಿ ಬಡ್ಕೋತಿದೆ!”

ಮೀನಿನ ಹೊಟ್ಟೆ ಟಿಣ್ ಟಿಣ್ ಅನ್ನುತ್ತಲೇ ಇತ್ತು.

“ಸ್ವಲ್ಪ ತಾಳಿ,” ಅಂದಳು ಬೆವ್, ಹೆಣಿಗೆ ಪಕ್ಕಕ್ಕಿಟ್ಟು. “ಇವನು ಮೀನಾಗಿದ್ರೆ ಇಲ್ಲೇ ಇದ್ದ. ಇಲ್ಲಿದ್ದೋನು ಏಣಿ ವಿಷಯ ಬರೆಯಲ್ಲ. ಹಾಗಾದ್ರೆ ಬರೆದೋನು ಇವನಲ್ಲ!”

ಆರ್ಲೆನ್‌ನ ಮುಖ ಒಂದು ಕ್ಷಣ ಅರಳಿತು. ಮರ್ಲ್ ಮೀನಿನ ಹೊಟ್ಟೆಗೆ ಕೈಹಾಕಿ ಫೋನು ತೆಗೆದ. ತೆರೆಯ ಮೇಲೇ ಇತ್ತು: ‘ಮೂರನೇ ಸಾಲಿನವನೇ, ನಿಮ್ಮ ಬರಹ 3.15ಕ್ಕೆ ಪ್ರಕಟವಾಗಿದೆ. ಅರವತ್ತೊಂದು ಪ್ರತಿಕ್ರಿಯೆಗಳು.’ ಮೊದಲನೆಯದು ಬೆವ್‌ದು.

ಬೆವ್ ಮತ್ತೆ ಹೆಣೆಯಲು ಕೂತಳು. ಒಂದು ವರ್ಷ ಮತ್ತೆ ಜೀವಮಾನವಾಯಿತು.

ಗೇಟಿನವರೆಗೆ ಅವನ ಜೊತೆ ನಡೆದವಳು ಡಾರ್ಲೀನ್ ಒಬ್ಬಳೇ. “ನಿನ್ನ ಬರವಣಿಗೆ,” ಅಂದಳು, ತಕ್ಕ ಮಾತು ಹುಡುಕುತ್ತ, “ಒಂಥರಾ ಬೇರೆ ಇತ್ತು.” ಆಮೇಲೆ ಗೇಟು ಹಾಕಿಕೊಂಡಳು.

ಆ ದಿನ ಊರು ಕಳೆದುಕೊಂಡದ್ದು ಒಂದು ಆಟ. ಮೀನು ಕಳೆದುಕೊಂಡದ್ದು ಎರಡು ಹಲ್ಲು. ಆರ್ಲೆನ್ ಕಳೆದುಕೊಂಡದ್ದು ಒಂದು ಕುರ್ಚಿ.