ಹೊಟ್ಟೆನೋವಿನ ಲಕ್ಷಣಗಳು

ಮಕ್ಕಳಿಗೆ ಓದು ಕಲಿಸುವ ಕೆಲಸಕ್ಕೆ ಸೇರಿದ ಮೇಲೆ ನಗು ತರಿಸುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ಈ ವರ್ಷದವು ಮಾತ್ರ ನಗುವಾಗಲೂ ನನ್ನನ್ನು ಹೆದರಿಸಿದವು.

ಪಟ್ಟಿ

ಓದು ಕಲಿಯಲು ಕಷ್ಟಪಡುವ ಮಕ್ಕಳನ್ನು ಗುರುತಿಸುವುದು ಹೇಗೆಂದು ಕೋಲಾರದಲ್ಲಿ ತರಬೇತಿ ಕೊಟ್ಟು, ಲಕ್ಷಣಗಳ ಪಟ್ಟಿಯೊಂದನ್ನು ಕೈಗಿಟ್ಟರು. ಸುಗಟೂರಿನಾಚೆ ನಮ್ಮ ಹಳ್ಳಿಯಲ್ಲಿ ಬಸ್ಸಿಳಿದವಳೇ ಶಾಲೆಗೆ ಹೋಗಿ ಹೆಡ್‌ಮಾಸ್ಟರಿಗೆ ಓದಿ ಹೇಳಿದೆ: ಹೇಳಿದ್ದು ತಕ್ಷಣ ಮರೆಯುವುದು, ಎಡಬಲ ಗೊಂದಲ, ಕೂತಲ್ಲಿ ಕೂರದಿರುವುದು, ಕೆಲಸ ಅರ್ಧಕ್ಕೇ ಬಿಡುವುದು.

“ಮೇಡಂ, ಇದು ಮಕ್ಕಳ ಪಟ್ಟೀನಾ, ನಮ್ಮ ಸ್ಟಾಫ್ ಮೀಟಿಂಗ್ ವರದೀನಾ?” ಅಂದರು.

ಅಲ್ಲಿದ್ದ ಟೀಚರುಗಳೆಲ್ಲ ನಕ್ಕರು. ನನಗೆ ನಗಲಾಗಲಿಲ್ಲ. ಪಟ್ಟಿಯ ಕೊನೆಯಲ್ಲಿ ‘ಓದುವ ಹೊತ್ತಿಗೆ ನೆಪ ಹೇಳುವುದು’ ಎಂದಿತ್ತು. ಎರಡನೇ ಕ್ಲಾಸಿನ ನನ್ನ ಮಗಳಿಗೆ ಪುಸ್ತಕ ತೆಗೆದರೆ ಸಾಕು, ಹೊಟ್ಟೆನೋವು.

ಮೆಣಸಿನಕಾಯಿ

ಅವತ್ತು ಸಂಜೆ ಕೂರಿಸಿ ಓದಿಸಿದೆ. ಗಿಳಿಯ ಪಾಠ ಗಡಗಡ ಹೇಳಿದಳು, ಸರಿಯಾದ ಜಾಗದಲ್ಲಿ ಹಾಳೆಯನ್ನೂ ತಿರುಗಿಸಿದಳು. ಪುಸ್ತಕ ಮಾತ್ರ ತಲೆಕೆಳಗಾಗಿತ್ತು. ಊರ ಮಕ್ಕಳಿಗೆಲ್ಲ ಓದು ಕಲಿಸಿದವಳಿಗೆ ಸ್ವಂತ ಮಗಳ ಕಷ್ಟ ಕಂಡಿರಲಿಲ್ಲ. ಮುಂದೇನು ಗತಿ ಅಂತ ಭಯ ಹತ್ತಿತು.

ಅತ್ತೆ ದೃಷ್ಟಿ ಅಂದರು. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರದಿದ್ದರೆ ದೃಷ್ಟಿಯಾಗಿದೆ ಅಂತ ಲೆಕ್ಕ. ಕೆಮ್ಮಿ ಕೆಮ್ಮಿ ನಮ್ಮೆಲ್ಲರ ಕಣ್ಣಲ್ಲಿ ನೀರು ಬಂತು, ಕೊಟ್ಟಿಗೆಯಲ್ಲಿ ಹಸುವೂ ಸೀನಿತು.

“ದಿಷ್ಟಿ ಲೇದಮ್ಮಾ,” ದೃಷ್ಟಿಯಿಲ್ಲ ಅಂತ ಅತ್ತೆ ತಮ್ಮ ತೆಲುಗಿನಲ್ಲೇ ತೀರ್ಪು ಕೊಟ್ಟರು. “ತಪ್ಪೆಲ್ಲಾ ಅವಳ ಟೀಚರ್ದೇ.”

ಅವಳ ಕ್ಲಾಸಿಗೆ ಟೀಚರ್ ನಾನೇ.

ಫಾರಂ

ಕೊನೆಗೆ ಮಗಳನ್ನು ಕರೆದುಕೊಂಡು ನಾನೂ ನಮ್ಮೆಜಮಾನರೂ ಕೋಲಾರದ ಡಾಕ್ಟರ ಹತ್ತಿರ ಹೋದೆವು. ಇವರು ರೇಷ್ಮೆ ಸಾಕುವವರು, ಹುಳು ನೋಡಿಯೇ ಅದರ ಕಾಯಿಲೆ ಹೇಳಬಲ್ಲರು. ಲಗ್ನಪತ್ರಿಕೆ ಬಂದರೆ ಮಾತ್ರ, “ನೀನೇ ಓದು ಕಣೇ, ನಿನ್ನ ಬಾಯಲ್ಲಿ ಕೇಳಕ್ಕೆ ಚೆಂದ” ಅನ್ನುತ್ತಾರೆ. ಹತ್ತು ವರ್ಷ ಅದನ್ನು ಪ್ರೀತಿ ಅಂದುಕೊಂಡಿದ್ದೆ.

ಡಾಕ್ಟರು ಇವರ ಕೈಗೆ ಒಂದು ಫಾರಂ ಕೊಟ್ಟರು. “ಮನೇಲಿ ಇನ್ಯಾರಿಗಾದ್ರೂ ಓದೋಕೆ ಕಷ್ಟ ಇತ್ತಾ ಅಂತ ಇದ್ರಲ್ಲಿ ಕೇಳಿದ್ದಾರೆ. ಓದಿ ತುಂಬಿ ಕೊಡಿ.”

ಇವರು ಫಾರಂ ಹಿಡಿದು ಬೆವತರು. ಜೇಬು ತಡಕಿದರು. “ಕನ್ನಡಕ ಮನೇಲೇ ಬಿಟ್ಟೆ” ಅಂದರು.

ಇವರಿಗೆ ಕನ್ನಡಕವೇ ಇಲ್ಲ.

ಮಗಳು ಅಪ್ಪನ ಮುಖ ನೋಡಿದಳು. ಅವರ ತೋಳು ಜಗ್ಗಿ, ನನಗೆ ಕೇಳಿಸುವುದಿಲ್ಲ ಅಂದುಕೊಂಡು ಪಿಸುಗುಟ್ಟಿದಳು:

“ಅಪ್ಪಾ, ಹೊಟ್ಟೆನೋವು ಅನ್ನು. ಅದಾದ್ರೆ ಅಮ್ಮ ನಂಬ್ತಾಳೆ.”